ಬಿಗಿ ಮುಚ್ಚಳದ ಡಬ್ಬಿಯೇ ಮಾತಾಡಿಸಿತು

ಮಾತು ತಡವಾದ ಮಕ್ಕಳಿಗೆ ಚಿತ್ರ ತೋರಿಸಿ ಹೆಸರು ಹೇಳಿಸುವ ಫ್ಲ್ಯಾಶ್ ಕಾರ್ಡ್ ಕೈಬಿಟ್ಟು, ಆಟದಲ್ಲೇ ಮಾತು ಕಲಿಸಲು ಶುರು ಮಾಡಿ ಆರೇಳು ವರ್ಷ ಆಗಿರಬೇಕು. "ಆಟ ಆಡಿಸೋಕೆ ಫೀಸಾ ಮೇಡಂ?" ಅಂತ ಕೇಳಿದವರೇ ಈಗ ನೆಂಟರ ಮಕ್ಕಳನ್ನೂ ನನ್ನ ಹತ್ತಿರ ಕಳಿಸುತ್ತಿದ್ದಾರೆ. ಸ್ಪೀಚ್ ಥೆರಪಿ ಮಾಡುವ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲು ಕಿವಿ ಪರೀಕ್ಷೆ, ಆಮೇಲೆ ಆಟ ಅನ್ನುವುದು ನಿಮಗೆ ಗೊತ್ತೇ ಇದೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಜಯನಗರದಲ್ಲಿ ಕ್ಲಿನಿಕ್ ತೆರೆದಾಗ ಬಾಲ್ ಪೂಲ್, ಲೈಟ್ ಹತ್ತಿ ಹಾಡುವ ಆಟಿಕೆ ಅಂತ ಸುಮಾರು 80 ಸಾವಿರ ಸುರಿದೆ. ಬಟನ್ ಒತ್ತಿದರೆ ಎಲ್ಲ ತಾನಾಗೇ ಆಗುತ್ತಿತ್ತು. ಮಗುವಿಗೆ ನನ್ನ ಅಗತ್ಯವೇ ಬೀಳುತ್ತಿರಲಿಲ್ಲ. ಎರಡು ವರ್ಷದ ಒಬ್ಬ ಹುಡುಗ ಸೆಷನ್ ಪೂರ್ತಿ ನನಗೆ ಬೆನ್ನು ತಿರುಗಿಸಿ ಕೂತಿರುತ್ತಿದ್ದ. ಮೂರು ತಿಂಗಳು ನೋಡಿ ಅವರ ಮನೆಯವರು ಬಿಟ್ಟುಹೋದರು. ಅವರ ಹಿಂದೆ ಇನ್ನೂ ಕೆಲವರು ಹೋದರು. ಬಾಡಿಗೆ ಕಟ್ಟುವುದೇ ಕಷ್ಟವಾಯಿತು. ಆಟಿಕೆಗಳನ್ನೆಲ್ಲ ಹನ್ನೆರಡು ಸಾವಿರಕ್ಕೋ ಏನೋ ಮಾರಿದೆ.

ಈಗ ಬಬಲ್ಸ್ ಬಾಟಲಿಯ ಮುಚ್ಚಳ ಬಿಗಿ ಮಾಡಿ ಮಗುವಿನ ಕೈಗೇ ಕೊಡುತ್ತೇನೆ. ಆಮೇಲೆ ಸುಮ್ನೆ ಕೂರುತ್ತೇನೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ನಮ್ಮಲ್ಲಿ ಜಾಸ್ತಿ ಜನ ಮೂರಕ್ಕೇ "ಹೇಳು ಪುಟ್ಟ, ಓಪನ್ ಹೇಳು" ಅಂತ ಶುರು ಮಾಡುತ್ತಾರೆ. ಬೇಡ. ಮಗು ಬಾಟಲಿ ನೋಡುತ್ತದೆ, ನನ್ನ ಮುಖ ನೋಡುತ್ತದೆ, ಬಾಟಲಿಯನ್ನು ನನ್ನ ಕೈಗೆ ತುರುಕುತ್ತದೆ. ನನಗೆ ಅದೇ ಮಾತು. ತಕ್ಷಣ "ತೆಗಿ" ಅಂದು ತೆಗೆಯುತ್ತೇನೆ, ಒಂದೇ ಸಲ ಊದಿ ಮತ್ತೆ ಮುಚ್ಚುತ್ತೇನೆ. ಅಳು ಬರುವ ಹಾಗಿದ್ದರೆ ಕಾಯಿಸಬೇಡಿ, ತೆಗೆದುಬಿಡಿ.

ಚನ್ನಪಟ್ಟಣದ ಬುಗುರಿಯೂ ಹೀಗೇ. ಚಿಕ್ಕ ಬೆರಳಿಗೆ ಅದನ್ನು ತಿರುಗಿಸಲು ಬರುವುದಿಲ್ಲ, ಮಗು ನಮ್ಮ ಹತ್ತಿರ ಬರಲೇಬೇಕು. "ಇದೇನು? ಯಾವ ಬಣ್ಣ?" ಅಂತ ಪರೀಕ್ಷೆ ಮಾಡುವುದನ್ನೂ ಬಿಟ್ಟಿದ್ದೇನೆ. ಬುಗುರಿ ಬಿದ್ದಾಗ ನಾವು "ಬಿತ್ತು!" ಅಂದರೆ ಸಾಕು.

ನಡುವೆ ಬೇರೆ ಪ್ರಯೋಗಗಳೂ ಆದವು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ಮಕ್ಕಳು ಕುಣಿದರು, ಆದರೆ ಗೋಡೆಯನ್ನೇ ನೋಡಿದರು. ಸ್ಟೀಲ್ ಲೋಟ ಗೆದ್ದಿತು: ಮಗು ಎರಡು ಸಲ ಬಡಿದರೆ ನಾನೂ ಎರಡು ಸಲ ಬಡಿದು ನಿಲ್ಲಿಸುತ್ತೇನೆ. ಮುಂದಿನ ಸರದಿ ಅದರದು.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಮನೆಯಲ್ಲಿ ಕನ್ನಡ, ಆಯಾ ತಮಿಳು, ಪ್ಲೇಹೋಂನಲ್ಲಿ ಇಂಗ್ಲಿಷ್. ಬೆಂಗಳೂರಿನಲ್ಲಿ ಇದು ಮಾಮೂಲಿ ಅಲ್ವಾ? ಅದಕ್ಕೇ ಮಾತು ತಡವಾಗಿದೆ, ಕನ್ನಡ ನಿಲ್ಲಿಸಿ ಅಂತ ಕೆಲವರು ಇನ್ನೂ ಸಲಹೆ ಕೊಡುತ್ತಾರೆ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿ "ಬೂ!" ಅನ್ನುವ ಅಜ್ಜಿಯ ಬಾಯಿ ಕಟ್ಟಿದರೆ ಮಗುವಿನ ಜೊತೆ ಆಡುವವರು ಯಾರು? ನಾನಂತೂ ಅಜ್ಜಿಯರನ್ನೇ ಸೆಷನ್‌ಗೆ ಕರೆಸುತ್ತೇನೆ. ಹೆಚ್ಚು ಅನುಮಾನಪಟ್ಟವರೂ ಅವರೇ, ಬೇಗ ಕಲಿತವರೂ ಅವರೇ.

ಈಗ ಮನೆಯಲ್ಲಿ ಆಡಿಸಲು ಕೊಡುವ ಆಟದ ಸಾಮಾನಿನ ಚೀಲಕ್ಕೆ 400 ರೂಪಾಯಿ ದಾಟುವುದಿಲ್ಲ. ಬಬಲ್ಸ್‌ಗೂ ಅಲ್ಲಾಡದ ಮಕ್ಕಳಿಗೆ ನನ್ನ ಹತ್ತಿರ ಇನ್ನೊಂದು ಡಬ್ಬಿ ಇದೆ. ಅದರೊಳಗೆ ಏನಿದೆ ಅಂತ ಸದ್ಯಕ್ಕೆ ಹೇಳುವುದಿಲ್ಲ.