ಶಾಂತಾ ಹುಬ್ಳೀಕರ್ ಅವರನ್ನು ಹಾಡಿ ಹೇಳಿದ ಸಂಜೆ

ನಾನು ಕಾರವಾರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಹಳೆಯ ಮರಾಠಿ ಚಿತ್ರಗಳ ನಟಿ, ಗಾಯಕಿ ಶಾಂತಾ ಹುಬ್ಳೀಕರ್ ಅವರ ಬದುಕನ್ನು ಹಾಡಿನ ಜೊತೆ ಹೇಳುವ ಕಾರ್ಯಕ್ರಮ ಮಾಡಬೇಕೆಂಬ ಆಸೆ ಬಹಳ ದಿನದ್ದು. ಇತ್ತೀಚೆಗೆ ಮಾಡಿದೆ.

ಅವರ ಮಾತು ಬಂದರೆ ಜನ ಮೊದಲು ಹೇಳುವುದು ಕೊನೆಗಾಲದ ಆಶ್ರಮವಾಸದ ಕಥೆ. ಕೇಳಿದವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ, ಸರಿ. ಆದರೆ ಕಲಾವಿದೆ ಎಲ್ಲೋ ಮರೆಯಾಗಿಬಿಡುತ್ತಾರೆ. ಅದು ನನಗೆ ಬೇಡವಾಗಿತ್ತು. ಹಾಗಾಗಿ ನೇರ 1939ಕ್ಕೆ ಹೋದೆ. ನಿರ್ದೇಶಕ ವಿ. ಶಾಂತಾರಾಮ್ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಮಾಡಿದ ಮರಾಠಿ ಚಿತ್ರ ‘ಮಾಣೂಸ್’. ಅದರಲ್ಲಿ ಶಾಂತಾ ಅವರದು ಮೈನಾ ಎಂಬ ವೇಶ್ಯೆಯ ಪಾತ್ರ. ಅವಳನ್ನು ಪ್ರೀತಿಸುವ ಪೊಲೀಸ್ ಪೇದೆಯಾಗಿ ಶಾಹು ಮೋಡಕ್.

‘ಕಶಾಲಾ ಉದ್ಯಾಚಿ ಬಾತ್’ ಆ ಚಿತ್ರದ ಹಾಡು. ನಾಳೆಯ ಮಾತು ಈಗ್ಯಾಕೆ ಅಂತ ಮೈನಾ ಹಾಡುತ್ತಾಳೆ. ಮಾಸ್ಟರ್ ಕೃಷ್ಣರಾವ್ ಅವರ ಸಂಗೀತ. ಇದನ್ನು ಕಲಿಯುವುದಕ್ಕೇ ನನಗೆ ಜಾಸ್ತಿ ಸಮಯ ಹಿಡಿಯಿತು. ಸ್ವರ ಕಷ್ಟವಲ್ಲ, ಭಾವ ಕಷ್ಟ. ಮೇಲೆ ಚೆಲ್ಲಾಟ ಕಾಣಬೇಕು, ಒಳಗಿನ ದಣಿವೂ ಕೇಳಬೇಕು. ನಮಗೆ ರೂಢಿಯಾದ ತಾನ್, ಮುರ್ಕಿಯಂಥ ಸ್ವರದ ಅಲಂಕಾರ ಎಲ್ಲ ಸೇರಿಸಿದರೆ ಅದು ಕಛೇರಿಯಾಗುತ್ತದೆ, ಮೈನಾ ಇರುವುದಿಲ್ಲ. ಅದಕ್ಕೇ ಅಲಂಕಾರ ಬಿಟ್ಟೆ. ಹಾಡಿನ ನಡುವೆ ಬೇರೆ ಬೇರೆ ಭಾಷೆಯ ಸಾಲುಗಳು ಬರುತ್ತವೆ. ಅವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮೊದಲು ಸುಮ್ನೆ ಮಾತಿನ ಹಾಗೆ ಹೇಳಿದೆ, ನಾಲಿಗೆ ಹೊರಳಿದ ಮೇಲೇ ಹಾಡಿದೆ. ತಬಲಾ ಹುಡುಗನಿಗೆ ಹೇಳಿದ್ದು ಒಂದೇ: ಠೇಕಾ, ಅಂದರೆ ತಾಳದ ಮೂಲ ನುಡಿಸಾಣಿಕೆ, ಬಿಟ್ಟು ಬೇರೇನೂ ಬೇಡ. ಆಗ ಮಾತು ಕೇಳಿಸುತ್ತದೆ. ನಟಿಯೇ ಹಾಡುತ್ತಿದ್ದ ಕಾಲದ ಹಾಡಿಗೆ ಮಾತೇ ಜೀವ ಅಲ್ವಾ?

ಹಾಡು ಮುಗಿದ ಮೇಲೆ ಬದುಕಿನ ಕಥೆಗೆ ಬಂದೆ. ಶಾಂತಾ ಹುಟ್ಟಿದ್ದು 1914ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ, ಆಗಿನ ಹೆಸರು ರಾಜಮ್ಮ. ಮರಾಠಿಯಲ್ಲಿ ಹೆಸರು ಮಾಡಿದ ಮೇಲೆ ಕನ್ನಡಕ್ಕೂ ಬಂದರು. 1942ರ ‘ಜೀವನ ನಾಟಕ’ದಲ್ಲಿ ಗುಬ್ಬಿ ವೀರಣ್ಣನವರ ಜೊತೆ ನಟಿಸಿದರು. ಇಳಿವಯಸ್ಸಿನಲ್ಲಿ ಆತ್ಮಕಥೆ ಬರೆದರು, ಅದಕ್ಕೆ ಇಟ್ಟಿದ್ದೂ ಈ ಹಾಡಿನ ಹೆಸರನ್ನೇ. 1992ರಲ್ಲಿ ತೀರಿಕೊಂಡರು. ಆಶ್ರಮದ ವಿಷಯವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಿದೆ. ಅಷ್ಟೊತ್ತಿಗೆ ಆ ಧ್ವನಿ ಎಲ್ಲರ ಕಿವಿಯಲ್ಲಿತ್ತು. ಯಾರೂ ಪಾಪ ಅನ್ನಲಿಲ್ಲ. ಮುಂದೆ ಯಾವ ಸಿನಿಮಾ ಮಾಡಿದರು, ಆತ್ಮಕಥೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ನನಗೆ ಬೇಕಾಗಿದ್ದು ಅದೇ.

ಕೊಂಕಣಿ ಮಾತಾಡುವ ಅಜ್ಜಿಯೊಬ್ಬರು ಬಳಿ ಬಂದು, “ಈ ಹಾಡು ನಂಗೆ ಸಣ್ಣವಳಿದ್ದಾಗಿಂದ ಗೊತ್ತು ತಂಗಿ. ಹಾಡಿದವಳು ನಮ್ಮ ಹುಬ್ಬಳ್ಳಿ ಕಡೆಯವಳು ಅಂತ ಇವತ್ತೇ ಗೊತ್ತಾಯ್ತು” ಅಂದರು.

ಮುಂದಿನ ಕಾರ್ಯಕ್ರಮ ಶಿರಸಿಯಲ್ಲಿ. ಕಾರವಾರದಲ್ಲಿ ಮರಾಠಿ ಸಾಲುಗಳಿಗೆ ವಿವರಣೆ ಬೇಕಾಗಲಿಲ್ಲ. ಶಿರಸಿಯಲ್ಲಿ ಪ್ರತಿ ಚರಣಕ್ಕೆ ಮೊದಲು ಕನ್ನಡದಲ್ಲಿ ಎರಡು ಮಾತು ಹೇಳಿಯೇ ಹಾಡಬೇಕು. ಅದನ್ನು ಈಗ ಬರೆಯುತ್ತಿದ್ದೇನೆ.