ಕಾರು ಸ್ಟಾರ್ಟ್ ಆಗದಿದ್ದಾಗ: ಹೊಸ ಬ್ಯಾಟರಿ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಕಾರು ಸ್ಟಾರ್ಟ್ ಆಗದಿದ್ದಾಗ ಮತ್ತೆ ಮತ್ತೆ ಕೀ ತಿರುಗಿಸುವುದರಿಂದ ಬ್ಯಾಟರಿಯಲ್ಲಿ ಉಳಿದಿರುವ ಅಲ್ಪ ಶಕ್ತಿಯೂ ಮುಗಿದುಹೋಗುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಎ.ಸಿ., ರೇಡಿಯೊ, ದೀಪಗಳನ್ನು ಆರಿಸಿ, ಕ್ಲಚ್ಚನ್ನು ಪೂರ್ತಿ ಒತ್ತಿಕೊಂಡು ಒಂದೇ ಒಂದು ಸಲ, ಐದು ಸೆಕೆಂಡು ಮೀರದಂತೆ ಪ್ರಯತ್ನಿಸಿ, ಕೇಳಿಬರುವ ಸದ್ದಿಗೆ ಗಮನ ಕೊಡಬೇಕು. ಎಂಜಿನ್ ತಿರುಗುತ್ತಲೇ ಇಲ್ಲವೆಂದಾದರೆ ದೋಷವು ಸಾಮಾನ್ಯವಾಗಿ ಬ್ಯಾಟರಿಯಿಂದ, ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರಿನವರೆಗಿನ ವಿದ್ಯುತ್ ದಾರಿಯಲ್ಲಿರುತ್ತದೆ; ಎಂದಿನ ವೇಗದಲ್ಲಿ ತಿರುಗಿಯೂ ಸ್ಟಾರ್ಟ್ ಆಗುತ್ತಿಲ್ಲವೆಂದಾದರೆ ಸಾಮಾನ್ಯವಾಗಿ ಇಂಧನವೋ ಕಿಡಿಯೋ ಸಿಲಿಂಡರನ್ನು ತಲುಪುತ್ತಿಲ್ಲ. ಈ ಎರಡನ್ನು ಬೇರ್ಪಡಿಸದೆ ಬಿಡಿಭಾಗ ಬದಲಿಸಲು ಹೊರಡುವುದು ಹಣ ಕಳೆಯುವ ದಾರಿ.

ಮೊದಲನೆಯ ಬಗೆಯಲ್ಲಿಯೂ ಸದ್ದುಗಳು ಬೇರೆ ಬೇರೆ. ಬಾನೆಟ್ಟಿನೊಳಗೆ ಟಕಟಕನೆ ಬಿಡದೆ ಸದ್ದಾಗಿ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಡೌನ್ ಆಗಿದೆ ಅಥವಾ ಅದರ ಸಂಪರ್ಕ ಸಡಿಲವಾಗಿದೆ. ದೀಪಗಳು ಉಜ್ವಲವಾಗಿಯೇ ಇದ್ದು ಒಮ್ಮೆ ಮಾತ್ರ 'ಟಕ್' ಎಂದು ನಿಂತರೆ ಸ್ಟಾರ್ಟರ್ ಮೋಟಾರನ್ನು ಅಥವಾ ಅದಕ್ಕೆ ವಿದ್ಯುತ್ ಹರಿಸುವ ಸ್ವಿಚ್ಚಾದ ಸೊಲೆನಾಯ್ಡನ್ನು ಅನುಮಾನಿಸಬೇಕು. ದೀಪಗಳಿದ್ದೂ ಯಾವ ಸದ್ದೂ ಇಲ್ಲದಿದ್ದರೆ ಕ್ಲಚ್ ಪೆಡಲಿನ ಸ್ವಿಚ್, ಸ್ಟಾರ್ಟರ್ ರಿಲೇ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್) ಮತ್ತು ಫ್ಯೂಸನ್ನು ನೋಡಬೇಕು. ಆಟೊಮ್ಯಾಟಿಕ್ ಕಾರಾದರೆ ಗೇರ್ ಲಿವರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ಸರಿಸಿ ಇನ್ನೊಮ್ಮೆ ಪ್ರಯತ್ನಿಸಬಹುದು. ಬಟನ್ ಸ್ಟಾರ್ಟ್ ಇರುವ ಅನೇಕ ಕಾರುಗಳಲ್ಲಿ ರಿಮೋಟ್ ಕೀಯ ಸೆಲ್ ಸೋತಿದ್ದರೆ, ಆ ಕೀಯನ್ನೇ ಬಟನ್ನಿಗೆ ತಾಗಿಸಿ ಒತ್ತಿದಾಗ ಕಾರು ಸ್ಟಾರ್ಟ್ ಆಗುತ್ತದೆ.

ಬ್ಯಾಟರಿ ಸತ್ತಿದೆ ಎಂಬ ತೀರ್ಮಾನಕ್ಕೆ ಬರುವ ಮೊದಲು ಟರ್ಮಿನಲ್‌ಗಳನ್ನು ಪರೀಕ್ಷಿಸಲೇಬೇಕು ಎಂಬುದು ನನ್ನ ಒತ್ತಾಯ, ಏಕೆಂದರೆ ಒಳ್ಳೆಯ ಬ್ಯಾಟರಿಯನ್ನು ಬದಲಿಸಿದ ಮೇಲೂ ಕೇಬಲನ್ನು ಟರ್ಮಿನಲ್‌ಗೆ ಬಿಗಿಯುವ ಹಳೆಯ ಕ್ಲಾಂಪಿನ ದೋಷ ಹಾಗೆಯೇ ಉಳಿದಿರುತ್ತದೆ. ಕ್ಲಾಂಪ್ ಕೈಯಲ್ಲಿ ತಿರುಗಿಸಿದರೆ ಅಲುಗಾಡಬಾರದು. ಅಲ್ಲಿ ಬಿಳಿಯ ಅಥವಾ ಹಸಿರು ಮಿಶ್ರಿತ ಪುಡಿ ಕಟ್ಟಿಕೊಂಡಿದ್ದರೆ ಮೊದಲು ನೆಗೆಟಿವ್, ಅನಂತರ ಪಾಸಿಟಿವ್ ಕೇಬಲನ್ನು ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ ಉಜ್ಜಿ, ಚೆನ್ನಾಗಿ ಒರೆಸಿ, ಪಾಸಿಟಿವನ್ನು ಮೊದಲು ಜೋಡಿಸಿ ನೆಗೆಟಿವನ್ನು ಕೊನೆಯಲ್ಲಿ ಬಿಗಿಯಬೇಕು. ಆ ಪುಡಿಯಲ್ಲಿ ಆಮ್ಲದ ಅಂಶವಿರುವುದರಿಂದ ಕೈಗವಸು ಮತ್ತು ಕನ್ನಡಕ ಇರಲಿ. ನೆಗೆಟಿವ್ ಕೇಬಲಿನ ಇನ್ನೊಂದು ತುದಿ ಕಾರಿನ ಲೋಹದ ಬಾಡಿಯನ್ನು ಸೇರುವ ಅರ್ತ್ ಬೋಲ್ಟನ್ನೂ ನೋಡಬೇಕು. ಮಂಗಳೂರು, ಕಾರವಾರದಂತಹ ಉಪ್ಪುಗಾಳಿಯ ಊರುಗಳಲ್ಲಿ ಅದಕ್ಕೆ ತುಕ್ಕು ಹಿಡಿಯುವ ಸಂಭವ ಹೆಚ್ಚು, ಆದರೆ ಅದನ್ನು ಪರೀಕ್ಷಿಸುವವರು ಕಡಿಮೆ.

ಅನಂತರ ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯನ್ನು ಅಳೆಯಬೇಕು. ಕೆಲವು ಗಂಟೆ ನಿಂತಿರುವ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಚಾರ್ಜ್ ಪೂರ್ತಿಯಾಗಿದೆ. 12ಕ್ಕಿಂತ ಕಡಿಮೆಯಾದರೆ ಹೆಚ್ಚುಕಡಿಮೆ ಬರಿದಾಗಿದೆ. ಸ್ಟಾರ್ಟ್ ಮಾಡಲು ಇನ್ನೊಬ್ಬರಿಂದ ಕೀ ತಿರುಗಿಸುತ್ತಿರುವಾಗ ವೋಲ್ಟೇಜ್ ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ, ನಿಂತಾಗ 12.6 ತೋರಿಸುತ್ತಿದ್ದ ಬ್ಯಾಟರಿಯೂ ಒಳಗಿನಿಂದ ದುರ್ಬಲವಾಗಿದೆ ಎಂದು ತಿಳಿಯಬೇಕು.

ಬೇರೊಂದು ಕಾರಿನ ಬ್ಯಾಟರಿಯಿಂದ ಕೇಬಲ್ ಮೂಲಕ ಶಕ್ತಿ ಪಡೆದು ಜಂಪ್ ಸ್ಟಾರ್ಟ್ ಮಾಡುವುದಾದರೆ ಎರಡೂ 12 ವೋಲ್ಟಿನ ವ್ಯವಸ್ಥೆಯವಾಗಿರಬೇಕು, ಕಾರುಗಳು ಪರಸ್ಪರ ತಾಗಬಾರದು. ಕೆಂಪು ಕೇಬಲನ್ನು ಮೊದಲು ಡೌನ್ ಆದ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ ಹಾಕಬೇಕು. ಕಪ್ಪು ಕೇಬಲನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಅದರ ಕೊನೆಯ ತುದಿಯನ್ನು ಕೆಟ್ಟು ನಿಂತ ಕಾರಿನ ಎಂಜಿನ್ನಿನಲ್ಲಿ ಬಣ್ಣವಿಲ್ಲದ ಲೋಹಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಸೇರಿಸಬೇಕು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲದ ಬಳಿ ಕಿಡಿ ಹಾರದಿರಲಿ ಎಂಬುದೇ ಈ ಕ್ರಮದ ಉದ್ದೇಶ. ತೆಗೆಯುವಾಗ ಕ್ರಮ ತಿರುವುಮುರುವಾಗಿರಲಿ.

ಎಂಜಿನ್ ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದ ಪೆಟ್ರೋಲ್ ಕಾರಿನಲ್ಲಿ ಇಗ್ನಿಷನ್ ಆನ್ ಮಾಡಿದೊಡನೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಸಣ್ಣಗೆ ಗುಂಯ್ ಎನ್ನುವ ಫ್ಯೂಯೆಲ್ ಪಂಪಿನ ಸದ್ದು ಬರುತ್ತದೆಯೇ ಎಂದು ಕೇಳಬೇಕು. ಎಂದೂ ಕೇಳಿಬರುತ್ತಿದ್ದ ಸದ್ದು ಈಗ ಇಲ್ಲದಿದ್ದರೆ ಪಂಪಿನ ಫ್ಯೂಸ್ ಮತ್ತು ರಿಲೇ ಮೊದಲ ಅನುಮಾನಕ್ಕೆ ಪಾತ್ರ. ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ, ಎರಡನೆಯ ಕೀ ಬಳಸಿ ನೋಡಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುತ್ತಾ ಬಾನೆಟ್ಟಿನೊಳಗೆ ಸೇರುವ ಇಲಿಗಳು ವೈರು ಕಡಿದಿರುವುದೂ ಉಂಟು. ಟಾರ್ಚ್ ಹಿಡಿದು ಹಿಕ್ಕೆ, ಹುಲ್ಲು, ಸಿಪ್ಪೆ ಸುಲಿದ ವೈರು ಕಾಣುತ್ತದೆಯೇ ಎಂದು ನೋಡಿದರೆ ಗ್ಯಾರೇಜಿನ ಅರ್ಧ ದಿನದ ಹುಡುಕಾಟ ಉಳಿಯಬಹುದು. ಡೀಸೆಲ್ ಕಾರಾದರೆ ಹೀಟರ್ ದೀಪ ಆರುವವರೆಗೆ ಕಾಯಬೇಕು. ಟ್ಯಾಂಕ್ ಬರಿದಾದ ಮೇಲೆ ಅಥವಾ ಫಿಲ್ಟರ್ ಬದಲಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಇಂಧನದ ಪೈಪಿನಲ್ಲಿ ಗಾಳಿ ಸೇರಿರುತ್ತದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಒಂದು ಸಲವೂ ಹೆಚ್ಚಿಗೆ ಪ್ರಯತ್ನಿಸಬಾರದು. ಎಂಜಿನ್ ಎಂದಿಗಿಂತ ಹಗುರವಾಗಿ, ಸರಸರನೆ ತಿರುಗುತ್ತಿದ್ದರೆ ಎಂಜಿನ್ನಿನ ವಾಲ್ವ್ ಮತ್ತು ಪಿಸ್ಟನ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ನೆರೆಯ ನೀರಿನಲ್ಲಿ ನಿಂತುಹೋದ ಕಾರಿನಲ್ಲಿ ಏರ್ ಫಿಲ್ಟರಿನವರೆಗೆ ನೀರು ಹೋಗಿದ್ದರೆ ಸಿಲಿಂಡರಿನೊಳಗೂ ನೀರಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಒಂದೇ ಪ್ರಯತ್ನಕ್ಕೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಇವೆರಡಕ್ಕೂ ಟೋಯಿಂಗ್ ವಾಹನವೇ ಸರಿಯಾದ ದಾರಿ.

ಕಾರು ಸ್ಟಾರ್ಟ್ ಆದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಮತ್ತೊಮ್ಮೆ ಬ್ಯಾಟರಿಯನ್ನು ಅಳೆಯಬೇಕು. ಮೀಟರು ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸುತ್ತದೆ. 12ರ ಹತ್ತಿರವೇ ಉಳಿದು ಇಳಿಯುತ್ತಾ ಹೋದರೆ ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ, ಆಗ ಎಂಜಿನ್ ಆರಿಸದೆ ನೇರವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬೇಕು.