ಬಂಡಿನ ಬಾಗಿಲಿನ ಕೀಲಿ

2020ರ ಡಿಸೆಂಬರ್ ಚುನಾವಣೆಯಲ್ಲಿ ನಾನು ಗ್ರಾಮ ಪಂಚಾಯತಿಗೆ ಆರಿಸಿ ಬಂದೆ. ಮಹಿಳಾ ಮೀಸಲು ಸೀಟು. ಊರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಗೆ ತಾಗಿಕೊಂಡೇ ಇದೆ. ಹೊಳೆಗೂ ಗದ್ದೆಗೂ ನಡುವೆ ಒಂದು ಮಣ್ಣಿನ ಒಡ್ಡು, ನಾವು ಬಂಡು ಅಂತೀವಿ. ಅದಕ್ಕೊಂದು ಹಲಗೆ ಬಾಗಿಲು. ಇಳಿತದಲ್ಲಿ ತೆಗೆದರೆ ಒಳಗಿನ ನೀರು ಹೊರಗೆ ಹೋಗುತ್ತದೆ. ಭರತದಲ್ಲಿ ತೆಗೆದರೆ ಉಪ್ಪುನೀರು ಒಳಗೆ ಬರುತ್ತದೆ. ನಮ್ಮೂರಿನ ಊಟ, ದುಡ್ಡು, ಜಗಳ ಮೂರೂ ಆ ಬಾಗಿಲಿನಿಂದಲೇ.

ಒಳಗಿನ ಜಾಗಕ್ಕೆ ಗಜನಿ ಅಂತೀವಿ. ಮಳೆ ಬಂದು ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತೇವೆ. ಕಗ್ಗ ಎತ್ತರಕ್ಕೆ ಬೆಳೆಯುತ್ತದೆ, ಉಪ್ಪಿಗೆ ಹೆದರಲ್ಲ, ನೆರೆಯಲ್ಲಿ ನಾಲ್ಕು ದಿನ ಮುಳುಗಿದರೂ ಎದ್ದು ನಿಲ್ಲುತ್ತದೆ. ಗೊಬ್ಬರ ಕೇಳುವುದೂ ಇಲ್ಲ. ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡುತ್ತೇವೆ. ಆಮೇಲೆ ಉಪ್ಪುನೀರು ಬಿಟ್ಟರೆ ಅದೇ ಮೀನು, ಸಿಗಡಿಗೆ ಮೇವು. ಆ ಮೀನು ಹಿಡಿಯುವ ಹಕ್ಕು ಹರಾಜಾಗುತ್ತದೆ.

ಜಗಳ ಶುರುವಾಗುವುದು ಇಲ್ಲೇ. ಹರಾಜು ಹಿಡಿದವರಿಗೆ ಉಪ್ಪುನೀರು ಎಷ್ಟು ದಿನ ಇದ್ದರೂ ಸಾಲದು. ಭತ್ತದವರಿಗೆ ಮಳೆಗೆ ಮೊದಲೇ ಗದ್ದೆ ಖಾಲಿಯಾಗಬೇಕು. ಬಾಗಿಲಿನ ಕೀಲಿ ಇದ್ದದ್ದು ಹರಾಜು ಹಿಡಿದವರ ಹತ್ತಿರ. ವರ್ಷ ವರ್ಷಕ್ಕೆ ಭತ್ತ ಕಮ್ಮಿಯಾಯಿತು. ಭತ್ತ ಕಮ್ಮಿಯಾದಂತೆ ಬಂಡಿಗೆ ಮಣ್ಣು ಹಾಕುವವರೂ ಕಮ್ಮಿಯಾದರು. 2021ರ ಜುಲೈ ಮಳೆಗೆ ಬಂಡು ಒಡೆಯಿತು. ಮಳೆ ನಿಂತ ಮೇಲೆ ಅಂಚಿನ ಮನೆಗಳ ಬಾವಿಗೆ ಉಪ್ಪು ಇಳಿಯಿತು.

ನಾನು ವಾರ್ಡ್ ಸಭೆ ಕರೆದೆ. ಬುಧವಾರ ಬೆಳಿಗ್ಗೆ 11 ಗಂಟೆಗೆ. ಒಂಬತ್ತು ಜನ ಬಂದರು, ಅದರಲ್ಲಿ ಏಳು ಜನ ಗಜನಿ ಜಮೀನಿನವರು. ಕಾನೂನಿನ ಪ್ರಕಾರ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಇಲ್ಲವೇ 20 ಜನ, ಯಾವುದು ಕಮ್ಮಿಯೋ ಅಷ್ಟಾದರೂ ಇರಬೇಕು. ಬಂದವರಲ್ಲಿ ಶೇ. 30 ಹೆಂಗಸರಿರಬೇಕು. ಇದಕ್ಕೆ ಹಳೆಯ ಉಪಾಯ ಒಂದಿದೆ, ರಿಜಿಸ್ಟರ್ ಹಿಡಿದು ಮನೆ ಮನೆಗೆ ಹೋಗಿ ಸಹಿ ತರುವುದು. ಸುಳ್ಳು ಯಾಕೆ ಹೇಳಲಿ, ಆ ಸಲ ನಾನೂ ಹಾಗೇ ಹೊರಟೆ.

ಇಳಿತದಲ್ಲಿ ಹೊಳೆಗಿಳಿದು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಒಬ್ಬ ಅಜ್ಜಿ ಪೆನ್ನು ಮುಟ್ಟಲಿಲ್ಲ. "ತಂಗೀ, ನೀ ಸಭೆ ಮಾಡೂ ಹೊತ್ತಿಗೆ ನಾ ಹೊಳೆಲಿ ಇರ್ತೆ. ನನ್ನ ಸಹಿ ಒಂದೇ ಹೆಂಗೆ ಸಭೆಗೆ ಬತ್ತದೆ?" ಅಂದರು.

ಆ ರಾತ್ರಿ ಕ್ಯಾಲೆಂಡರ್ ತೆಗೆದು ಕೂತೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಇಳಿತ ಜೋರು. ಆಗ ಹೆಂಗಸರೆಲ್ಲ ಹೊಳೆಯಲ್ಲೇ. ಅಷ್ಟಮಿ ನವಮಿಗೆ ನೀರು ಅಷ್ಟು ಇಳಿಯಲ್ಲ, ಕೆಲಸ ಹಗುರ. ಹಾಗಾಗಿ ಮುಂದಿನ ಸಭೆಯನ್ನು ನವಮಿ ದಿನ ಸಂಜೆ ನಾಲ್ಕಕ್ಕೆ ಇಟ್ಟೆ. ಜಾಗವನ್ನೂ ಬದಲಿಸಿದೆ. ಮೊದಲೆಲ್ಲ ಜಮೀನಿನವರೊಬ್ಬರ ಅಂಗಳದಲ್ಲಿ ಸೇರುತ್ತಿದ್ದೆವು. ಅಲ್ಲಿ ಕೆಲವರು ಜಗಲಿ ಮೇಲೆ, ಉಳಿದವರು ಕೆಳಗೆ. ಈ ಸಲ ಅಂಗನವಾಡಿ ಅಂಗಳ. ಅಲ್ಲಿ ಇರುವುದೆಲ್ಲ ಮಕ್ಕಳ ಚಾಪೆ, ಎಲ್ಲರೂ ನೆಲಕ್ಕೇ ಕೂತರು.

ಅರವತ್ತಕ್ಕಿಂತ ಜಾಸ್ತಿ ಜನ ಬಂದಿದ್ದರು. ಅರ್ಧಕ್ಕರ್ಧ ಹೆಂಗಸರು. ಹಿರಿಯರೊಬ್ಬರು ಎದ್ದು 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದಿಂದ ಮಾತು ಶುರು ಮಾಡಿದರು. ನಮ್ಮ ಕಡೆ ಯಾವ ಸಭೆಯಾದರೂ ಅಲ್ಲಿಂದಲೇ ಶುರು! ಕಾಲು ಗಂಟೆ ಆಯಿತು. ಆಗ ಅದೇ ಅಜ್ಜಿ ಹಿಂದಿನಿಂದ ಹೇಳಿದರು: "ಒಡೆಯಾ, ಅವ್ರಿಗೆ ಉಪ್ಪು ಬೇಕಾಗಿತ್ತು. ನಮಗೆ ಬೇಡ." ಎಲ್ಲರೂ ನಕ್ಕರು, ಮಾತು ಬಾವಿಗೆ ಬಂತು. ಬಾವಿ ಉಪ್ಪಾದವರು ಮೊದಲು ಹೇಳಲಿ, ಜಮೀನಿನವರು ಆಮೇಲೆ ಅಂದೆ. ಅದೊಂದು ಬದಲಾವಣೆಯಿಂದ ಸಭೆಯ ದಿಕ್ಕೇ ಬೇರೆಯಾಯಿತು.

ಬಂಡು ಕಟ್ಟಲು ಜೆಸಿಬಿ ತರೋಣ, ಎರಡು ದಿನದ ಕೆಲಸ ಅಂತ ಕೆಲವರು ಅಂದರು. ಅದು ಖರೇನೇ. ಆದರೆ ಉದ್ಯೋಗ ಖಾತ್ರಿಯಲ್ಲಿ ಮಾಡಿದರೆ ಆಗ ದಿನಕ್ಕೆ 289 ರೂಪಾಯಿ ಊರಿನವರ ಕೈಗೇ ಬರುತ್ತಿತ್ತು, ಗಂಡಸು ಹೆಂಗಸು ಇಬ್ಬರಿಗೂ ಒಂದೇ ಕೂಲಿ, ಗುತ್ತಿಗೆದಾರರಿಗೆ ಜಾಗವಿರಲಿಲ್ಲ. ಕೈ ಎತ್ತಿಸಿದಾಗ ಖಾತ್ರಿ ಕೆಲಸವೇ ಗೆದ್ದಿತು. ಕೆಲಸ ಕೇಳುವ ನಮೂನೆ 6 ಅನ್ನು ಅಲ್ಲೇ ಕೂತು ತುಂಬಿಸಿದೆವು. ಮುಂದೆ ಗ್ರಾಮ ಸಭೆ, ಅಂದಾಜು ಪಟ್ಟಿ, ತಾಲೂಕು ಕಚೇರಿಗೆ ಅಲೆದಾಟ. ಅದೆಲ್ಲ ಎಲ್ಲರಿಗೂ ಗೊತ್ತಿರುವ ಕತೆ, ಬಿಡಿ. ಏಪ್ರಿಲ್ ಬರುವಷ್ಟರಲ್ಲಿ ಕೂಲಿ 309 ಆಗಿತ್ತು, ಬಂಡು ಅರ್ಧ ಎದ್ದಿತ್ತು. ಮಣ್ಣಿನ ಬುಟ್ಟಿ ಹೊತ್ತವರಲ್ಲಿ ಹೆಂಗಸರೇ ಜಾಸ್ತಿ.

ಕಷ್ಟವಾದದ್ದು ಕೀಲಿ. ಮೂರು ಸಭೆ ಬೇಕಾಯಿತು. ಜಮೀನಿಲ್ಲದವರಿಗೆ ಬಾಗಿಲಿನ ಮಾತು ಯಾಕೆ ಅನ್ನುವ ಪ್ರಶ್ನೆ ಬಂತು. ಬಾವಿ ಯಾರದ್ದು ಅಂತ ಅವರು ತಿರುಗಿ ಕೇಳಿದರು. ಕೊನೆಗೆ ಮೂರು ಜನರ ಹೆಸರು ಬರೆದೆವು: ಜಮೀನಿನವರೊಬ್ಬರು, ಭತ್ತ ಬೆಳೆಯುವ ಒಬ್ಬ ಹೆಂಗಸು, ಮತ್ತೆ ಆ ಅಜ್ಜಿ. ಕೀಲಿ ಅಜ್ಜಿ ಮನೆಯಲ್ಲಿ. ಬಾಗಿಲು ತೆಗೆದ ದಿನ, ಹೊತ್ತು ಎರಡೂ ಒಂದು ನೋಟ್‌ಬುಕ್‌ನಲ್ಲಿ. ಮೇ ಮುಗಿಯುವುದರೊಳಗೆ ಗದ್ದೆ ಖಾಲಿ ಮಾಡಬೇಕು ಅಂತ ಹರಾಜಿನ ಕರಾರಿನಲ್ಲೇ ಸೇರಿಸಿದೆವು.

ಕಗ್ಗದ ಬೀಜ ನಮ್ಮಲ್ಲಿ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. ಮಾಣಿಕಟ್ಟಾ ಕಡೆಯಿಂದ ಕೇಳಿ ತಂದೆವು. ಮೊದಲ ವರ್ಷ ಬೆಳೆದದ್ದು ಸ್ವಲ್ಪವೇ, ಅದರಲ್ಲೂ ಏಡಿ, ಹಕ್ಕಿ ತಮ್ಮ ಪಾಲು ತೆಗೆದುಕೊಂಡವು. ಬಾವಿ ಸಿಹಿಯಾಗಲು ಎರಡು ಮಳೆಗಾಲ ಬೇಕಾಯಿತು. ಒಂದು ಮನೆಯವರು ಇವತ್ತಿಗೂ ನನ್ನ ಹತ್ತಿರ ಮಾತಾಡಲ್ಲ. ಹರಾಜಿನ ದುಡ್ಡಲ್ಲಿ ಜಮೀನಿಲ್ಲದವರಿಗೆ ಪಾಲು ಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಆ ವಿಷಯ ತೆಗೆದ ದಿನ ಸಭೆಗೆ ಜನ ಕಮ್ಮಿ.

ಹೋದ ಮೇ ತಿಂಗಳಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದೆ. ಹರಾಜು ಹಿಡಿದವರು ಅಜ್ಜಿಯ ಮನೆ ಜಗಲಿಯಲ್ಲಿ ಕೂತಿದ್ದರು. "ಕೀಲಿ ಬೇಕಾಗಿತ್ತು" ಅಂದರು. ಅಜ್ಜಿ ಎಲ್ಲಿ ಅಂತ ಕೇಳಿದೆ. "ಹೊಳೆಗೆ ಹೋಗಿದ್ದಾರೆ, ಭರತ ಏರಿದ ಮೇಲೆ ಬರ್ತಾರಂತೆ."